ಸಿಗರೇಟ್ ಜಾಸ್ತಿ ಆದ್ರೆ ಸೋರಿಯಾಸಿಸ್ ಜೋರಾಗುದು ನಿಜವಾ? ಗೊತ್ತಿದ್ದವರು ಹೇಳಿ

ಪಣಂಬೂರು ಶಿಫ್ಟ್
ಮೇ 24

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ದಯವಿಟ್ಟು ಓದಿ.

ನಂಗೆ 41 ವರ್ಷ, ಬಂದರಿನ ಹತ್ರ ಒಂದು ಯಾರ್ಡಲ್ಲಿ ಶಿಫ್ಟ್ ಕೆಲಸ. ಸೋರಿಯಾಸಿಸ್ ಅನ್ನುವ ಈ ಚರ್ಮದ ರೋಗ ಶುರುವಾದದ್ದು 2014ರಲ್ಲಿ, ಮೊದ್ಲು ಮೊಣಕೈಯಲ್ಲಿ ಒಂದು ರುಪಾಯಿ ನಾಣ್ಯದಷ್ಟು, ಮತ್ತೆ ತಲೆಯಲ್ಲಿ, ಅದನ್ನು ತಲೆಹೊಟ್ಟು ಅಂತಲೇ ತಿಳ್ಕೊಂಡು ಎರಡು ವರ್ಷ ಶಾಂಪೂ ಬದಲಾಯಿಸ್ತಾ ಕೂತಿದ್ದೆ. 2021ರಲ್ಲಿ ಅಪ್ಪ ತೀರಿಕೊಂಡ್ರು, ಆಮೇಲೆ ಒಮ್ಮೆಲೆ ಜೋರಾಯ್ತು. ಈಗ ಎರಡೂ ಕಾಲಿನ ಮುಂಭಾಗ, ಸೊಂಟದ ಹಿಂದೆ, ಕಿವಿಯ ಹಿಂದೆ, ಎಲ್ಲ ಕಡೆ ಉಂಟು. ನಮ್ಮ ಊರಿನ ಏಪ್ರಿಲ್ ಮೇ ಸೆಕೆ ನಿಮ್ಗೆ ಗೊತ್ತಲ್ವಾ, ಆ ಸೆಕೆಯಲ್ಲಿ ಫುಲ್ ಕೈ ಶರ್ಟ್ ಹಾಕಿ ನಿಲ್ತೇನೆ, ಬೆವರು ಇಳಿದಲ್ಲೆಲ್ಲ ಉರಿ, ತುರಿಸಿದ್ರೆ ರಕ್ತ, ಬೆಳಿಗ್ಗೆ ಎದ್ದು ಚಾಪೆ ಕೊಡವಿದ್ರೆ ಬಿಳಿ ಬಿಳಿ ಹೊಟ್ಟು. ಮದುವೆ ಊಟಕ್ಕೆ ಹೋದ್ರೆ ಪಕ್ಕದಲ್ಲಿ ಕೂತವರು ಬಾಳೆಲೆಯನ್ನು ಸ್ವಲ್ಪ ಆಚೆ ಎಳ್ಕೊಳ್ತಾರೆ, ಅದು ನಂಗೆ ಕಾಣುದಿಲ್ಲ ಅಂತ ಅವ್ರು ತಿಳ್ಕೊಂಡಿರ್ತಾರೆ.

ಸಿಗರೇಟ್ 19ನೇ ವಯಸ್ಸಿಂದ. ಮೊದ್ಲು ದಿನಕ್ಕೆ ಐದಾರು ಇದ್ದದ್ದು ಈಗ 18-20 ಆಗಿದೆ, ನೈಟ್ ಶಿಫ್ಟ್ ಇದ್ರೆ ಇನ್ನೂ ಎರಡು ಮೂರು ಜಾಸ್ತಿ. ಹೋದ ವಾರ ಹೊಸ ಸ್ಕಿನ್ ಡಾಕ್ಟ್ರ ಹತ್ರ ಹೋದೆ. ಅವ್ರು ಮೈಯೆಲ್ಲ ನೋಡಿ, ರೋಗ ಎಷ್ಟು ಜೋರುಂಟು ಅಂತ ಲೆಕ್ಕ ಹಾಕಿ ಪಾಸಿ ಸ್ಕೋರ್ 14 ಅಂದ್ರು, ರಕ್ತ ಪರೀಕ್ಷೆ ಮಾಡ್ಸಿ ಮೆಥೋಟ್ರೆಕ್ಸೇಟ್ ಮಾತ್ರೆ ಶುರು ಮಾಡುವ, ಆದ್ರೆ ನೀವು ಸಿಗರೇಟ್ ಬಿಡ್ಲೇಬೇಕು, ನಿಮ್ಮ ರೋಗ ಇಷ್ಟು ಜೋರಾಗಿರುದ್ರಲ್ಲಿ ಅದರ ಪಾಲೂ ಉಂಟು ಅಂದ್ರು.

ಇಲ್ಲೇ ನನ್ನ ಪ್ರಶ್ನೆ. ನನ್ನ ಅಪ್ಪನಿಗೂ ಸೋರಿಯಾಸಿಸ್ ಇತ್ತು, ಅವ್ರು ಜೀವನದಲ್ಲಿ ಒಂದು ಬೀಡಿ ಮುಟ್ಟಿದವರಲ್ಲ. ನನ್ನ ದೊಡ್ಡಪ್ಪನ ಮಗ ದಿನಕ್ಕೆ 30 ಎಳೀತಾನೆ, ಅವನ ಚರ್ಮ ಕನ್ನಡಿ ಹಾಗೆ ಉಂಟು. ಹಾಗಾದ್ರೆ ಇದು ವಂಶದಿಂದ ಬಂದದ್ದು ತಾನೆ, ಸಿಗರೇಟಿನ ಮೇಲೆ ಯಾಕೆ ಹಾಕುದು? ಮತ್ತೆ, ಟೆನ್ಶನ್ ಇದ್ದಾಗ ನಾನು ಜಾಸ್ತಿ ಎಳೀತೇನೆ, ಟೆನ್ಶನ್ ಇದ್ದಾಗ ಸೋರಿಯಾಸಿಸ್ಸೂ ಜಾಸ್ತಿ ಆಗ್ತದೆ, ಹಾಗಿರುವಾಗ ತಪ್ಪು ಟೆನ್ಶನ್‌ದಾ ಸಿಗರೇಟ್‌ದಾ? ಕಳೆದ ವರ್ಷ ಒಂಬತ್ತು ದಿನ ಬಿಟ್ಟಿದ್ದೆ, ಆ ಒಂಬತ್ತು ದಿನದಲ್ಲಿ ತುರಿಕೆ ಡಬ್ಬಲ್ ಆಯ್ತು, ನಿದ್ರೆ ಇಲ್ಲ, ಮನೆಯವಳ ಹತ್ರ ಸುಮ್ಮನೆ ರೇಗುದು, ಹತ್ತನೇ ದಿನ ಗೂಡಂಗಡಿಗೆ ಹೋದೆ.

ಅತ್ತೆಯವರು ನಾಗದೋಷ ಅಂದ್ರು, ಸುಬ್ರಹ್ಮಣ್ಯಕ್ಕೆ ಹೋಗಿ ಆಶ್ಲೇಷ ಬಲಿ ಮಾಡ್ಸಿ ಬಂದಿದ್ದೇವೆ. ಅದರ ಬಗ್ಗೆ ನಂಗೆ ಬೇಸರ ಇಲ್ಲ, ಮನಸ್ಸಿಗೆ ಒಳ್ಳೆದಾಯ್ತು. ಇಲ್ಲಿ ಕೇಳುದು ಸಿಗರೇಟಿನ ವಿಷಯ ಮಾತ್ರ. ಬಿಟ್ಟವರು ಯಾರಾದ್ರೂ ಇದ್ರೆ, ನಿಮ್ಗೆ ನಿಜವಾಗಿ ಎಂತ ಆಯ್ತು ಅಂತ ಹೇಳಿ.


ಕಾರ್ಕಳದಿಂದ
ಮೇ 24

ಬೆಳ್ತಂಗಡಿ ಕಡೆ ಒಬ್ರು ಪಂಡಿತ್ರು ಪುಡಿಯ ಪೊಟ್ಟಣ ಕೊಡ್ತಾರೆ, 21 ದಿನ ಜೇನಲ್ಲಿ ತಗೊಳ್ಬೇಕು, ನಮ್ಮ ಭಾವನಿಗೆ ಒಂದೇ ವಾರದಲ್ಲಿ ಎಲ್ಲ ಮಾಯ ಆಗಿದೆ. ಸಿಗರೇಟ್ ಬಿಡ್ಬೇಕಂತ ಅವ್ರು ಹೇಳುದೂ ಇಲ್ಲ. ಬೇಕಾದ್ರೆ ವಿಳಾಸ ಕೊಡ್ತೇನೆ.


ನಿವೃತ್ತ ಸಿಸ್ಟರ್
ಮೇ 25

ಕಾರ್ಕಳದವರೇ, ನಿಮ್ಮ ಮನಸ್ಸು ಒಳ್ಳೆದು ಅಂತ ಗೊತ್ತು, ಆದ್ರೆ ದಯವಿಟ್ಟು ಆ ವಿಳಾಸ ಇಲ್ಲಿ ಹಾಕ್ಬೇಡಿ. ನಾನು ಚರ್ಮರೋಗ ವಾರ್ಡಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ಒಂದು ವಾರದಲ್ಲಿ ಮಾಯ ಆಗುವ, ಹೆಸರಿಲ್ಲದ ಪುಡಿ ಅಂದ್ರೆ ಅದ್ರಲ್ಲಿ ಸ್ಟೀರಾಯ್ಡ್ ಬೆರೆಸಿರುವ ಸಾಧ್ಯತೆ ಉಂಟು. ತಗೊಳ್ಳುವಷ್ಟು ದಿನ ಚಂದ ಕಾಣ್ತದೆ, ಪೊಟ್ಟಣ ಮುಗಿದ ಕೂಡ್ಲೆ ರೋಗ ಇಮ್ಮಡಿಯಾಗಿ ತಿರುಗಿ ಬರ್ತದೆ, ಕೆಲವರಿಗೆ ಮೈ ತುಂಬ ಕೀವಿನ ಗುಳ್ಳೆ ಎದ್ದು ಜ್ವರ ಬಂದು ಐಸಿಯುಗೆ ಹಾಕ್ಬೇಕಾಗ್ತದೆ. ಹಾಗೆ ಬಂದವರಿಗೆ ನಾನೇ ಡ್ರೆಸ್ಸಿಂಗ್ ಮಾಡಿದ್ದೇನೆ. ನಿಮ್ಮ ಭಾವ ಈಗ ಹೇಗಿದ್ದಾರೆ ಅಂತ ಒಮ್ಮೆ ಕೇಳಿ, ಪುಡಿ ಇನ್ನೂ ತಗೊಳ್ತಾ ಇದ್ರೆ ಒಮ್ಮೆಲೆ ನಿಲ್ಸುದು ಬೇಡ, ಅದನ್ನೇ ತಗೊಂಡು ಡಾಕ್ಟ್ರ ಹತ್ರ ಹೋಗ್ಲಿ.

ಈಗ ಪಣಂಬೂರಿನವರ ಪ್ರಶ್ನೆ. ನೀವು ಎರಡು ಬೇರೆ ಬೇರೆ ವಿಷಯವನ್ನು ಒಟ್ಟಿಗೆ ಕೇಳಿದ್ದೀರಿ. ರೋಗ ಯಾಕೆ ಬಂತು ಅನ್ನುದು ಒಂದು, ಬಂದ ರೋಗ ಎಷ್ಟು ಜೋರಾಗ್ತದೆ ಅನ್ನುದು ಇನ್ನೊಂದು. ಬಂದದ್ದಕ್ಕೆ ವಂಶದ ಪಾಲು ದೊಡ್ಡದು, ನಿಮ್ಮ ಅಪ್ಪನಿಗಿತ್ತು, ನಿಮ್ಗೆ ಬಂತು, ಅದನ್ನು ಯಾರೂ ಅಲ್ಲ ಅನ್ನುದಿಲ್ಲ. ನಿಮ್ಮ ದೊಡ್ಡಪ್ಪನ ಮಗನಿಗೆ ಆ ಬೀಜ ಇಲ್ಲದೆ ಇರ್ಬಹುದು, ಬೀಜವೇ ಇಲ್ಲದ ಗದ್ದೆಗೆ ಎಷ್ಟು ಗೊಬ್ಬರ ಹಾಕಿದ್ರೂ ಎಂತ ಮೊಳೀತದೆ. ನಿಮ್ಮಲ್ಲಿ ಬೀಜ ಉಂಟು. ಅದಕ್ಕೆ ದಿನಕ್ಕೆ ಇಪ್ಪತ್ತು ಸಲ ಗೊಬ್ಬರ ಬೀಳ್ತಾ ಉಂಟು.

ಇದಕ್ಕೆ ಲೆಕ್ಕ ಉಂಟಾ ಅಂದ್ರೆ ಉಂಟು. ಇಟಲಿಯ ರೋಮ್‌ನಲ್ಲಿ ಸೋರಿಯಾಸಿಸ್ ಇದ್ದ 818 ಜನರನ್ನು ನೋಡಿ 2005ರಲ್ಲಿ ಒಂದು ಅಧ್ಯಯನ ಪ್ರಕಟ ಆಗಿತ್ತು. ದಿನಕ್ಕೆ 20ಕ್ಕಿಂತ ಜಾಸ್ತಿ ಸೇದುವವರಲ್ಲಿ, 10 ಅಥವಾ ಅದಕ್ಕಿಂತ ಕಮ್ಮಿ ಸೇದುವವರಿಗಿಂತ, ರೋಗ ತೀವ್ರವಾಗಿರುವ ಸಾಧ್ಯತೆ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು ಅಂತ ಅದ್ರಲ್ಲಿ ಬಂತು. ದಿನದ ಲೆಕ್ಕ ಮಾತ್ರ ಅಲ್ಲ, ಎಷ್ಟು ವರ್ಷದಿಂದ ಎಷ್ಟು ಅಂತ ಗುಣಿಸಿ ನೋಡಿದ್ರೂ ಅದೇ, ಒಟ್ಟು ಹೊಗೆ ಜಾಸ್ತಿ ಆದ ಹಾಗೆ ತೀವ್ರತೆಯೂ ಜಾಸ್ತಿ. ಹೆಂಗಸರಲ್ಲಿ ಈ ಸಂಬಂಧ ಗಂಡಸರಿಗಿಂತ ಗಟ್ಟಿ ಕಂಡಿತ್ತು.

ನಿಮ್ಮ ಟೆನ್ಶನ್ ಪ್ರಶ್ನೆ ಬಹಳ ಒಳ್ಳೆ ಪ್ರಶ್ನೆ, ಅವ್ರಿಗೂ ಅದು ಹೊಳೆದಿತ್ತು. ವಯಸ್ಸು, ತೂಕ, ಮಾನಸಿಕ ಒತ್ತಡ, ವಂಶದಲ್ಲಿ ರೋಗ ಉಂಟಾ, ಎಷ್ಟು ವರ್ಷದಿಂದ ಉಂಟು, ಕುಡಿತ ಉಂಟಾ, ಇದನ್ನೆಲ್ಲ ಲೆಕ್ಕದಿಂದ ಬೇರೆ ಮಾಡಿದ ಮೇಲೂ ಸಿಗರೇಟಿನ ಪಾಲು ಉಳಿದೇ ಉಳೀತು. ಒಂದು ಮಾತು ಮಾತ್ರ ಪ್ರಾಮಾಣಿಕವಾಗಿ ಹೇಳ್ಬೇಕು, ಆ ಅಧ್ಯಯನ ಜನರನ್ನು ಒಂದು ಸಮಯದಲ್ಲಿ ನೋಡಿದ್ದು, ವರ್ಷಗಟ್ಟಲೆ ಅವ್ರ ಹಿಂದೆ ಬಿದ್ದು ನೋಡಿದ್ದಲ್ಲ, ಹಾಗಾಗಿ ರೋಗ ಜೋರಾಯ್ತು ಅಂತ ಬೇಸರದಲ್ಲಿ ಜಾಸ್ತಿ ಸೇದಿದವರೂ ಅದ್ರಲ್ಲಿ ಇರ್ಬಹುದು. ಆದ್ರೆ ಹಿಂದೆ ಬಿದ್ದು ನೋಡಿದ್ದೂ ಒಂದುಂಟು, ಅದು ರೋಗ ಹೊಸದಾಗಿ ಬರುದರ ಬಗ್ಗೆ. ಅಮೆರಿಕದಲ್ಲಿ 78,532 ಮಹಿಳಾ ನರ್ಸುಗಳನ್ನು 1991ರಿಂದ 2005ರವರೆಗೆ ಗಮನಿಸಿದ್ರು, ಸಿಗರೇಟ್ ಮುಟ್ಟದವರಿಗೆ ಹೋಲಿಸಿದ್ರೆ ಸೇದುವವರಿಗೆ ಸೋರಿಯಾಸಿಸ್ ಬರುವ ಅಪಾಯ 1.78 ಪಟ್ಟು, ಬಿಟ್ಟವರಿಗೆ 1.37 ಪಟ್ಟು. ಬಿಟ್ಟು 20 ವರ್ಷ ಆದವರದ್ದು ಹೆಚ್ಚುಕಮ್ಮಿ ಮುಟ್ಟದವರ ಹಾಗೆಯೇ ಆಗಿತ್ತು. ಅಲ್ಲಿ ಮೊದ್ಲು ಸಿಗರೇಟ್, ಆಮೇಲೆ ರೋಗ, ಕ್ರಮ ಸ್ಪಷ್ಟ ಉಂಟು.

ಒಳಗೆ ಎಂತ ಆಗುದು ಅಂತ ಸರಳವಾಗಿ ಹೇಳ್ತೇನೆ. ಸೋರಿಯಾಸಿಸ್ ಚರ್ಮದ ಕೊಳೆಯಿಂದ ಬರುದಲ್ಲ, ನಮ್ಮದೇ ರೋಗನಿರೋಧಕ ಕಣಗಳು ಸುಮ್ಮನೆ ಸಿಟ್ಟಾಗಿ ಚರ್ಮಕ್ಕೆ ಬೇಗ ಬೆಳಿ ಬೇಗ ಬೆಳಿ ಅಂತ ಆರ್ಡರ್ ಕೊಡ್ತಾ ಇರುದು. ಒಂದು ತಿಂಗಳಲ್ಲಿ ಮೇಲೆ ಬರ್ಬೇಕಾದ ಚರ್ಮದ ಕಣ ಕೆಲವೇ ದಿನದಲ್ಲಿ ಮೇಲೆ ಬಂದು ರಾಶಿ ಬೀಳ್ತದೆ, ನಿಮ್ಮ ಚಾಪೆಯಲ್ಲಿ ಬೀಳುವ ಹೊಟ್ಟು ಅದೇ. ಆ ಆರ್ಡರ್ ತಗೊಂಡು ಹೋಗುವ ರಾಸಾಯನಿಕಗಳಿಗೆ ಟಿಎನ್‌ಎಫ್, ಐಎಲ್-17 ಅಂತೆಲ್ಲ ಹೆಸರುಂಟು. ಸಿಗರೇಟಿನ ಹೊಗೆ ರಕ್ತಕ್ಕೆ ಹೋದ್ರೆ ಮೈಯೊಳಗಿನ ಉರಿಯೂತವೇ ಏರ್ತದೆ, ಈ ರಾಸಾಯನಿಕಗಳೂ ಏರ್ತವೆ. ನಿಕೋಟಿನ್ ಹಿಡ್ಕೊಳ್ಳುವ ಕೊಂಡಿಗಳು ಚರ್ಮದ ಕಣದ ಮೇಲೆಯೇ ಉಂಟು. ಶ್ವಾಸಕೋಶಕ್ಕೆ ಎಳೆದದ್ದು ಮೊಣಕೈಗೆ ಹೇಗೆ ಹೋಗ್ತದೆ ಅಂತ ವಾರ್ಡಲ್ಲಿ ಎಷ್ಟೋ ಜನ ಕೇಳ್ತಿದ್ರು, ಹೋಗುದು ಹೀಗೆ.

ಪಾಸಿ 14 ಅಂದ್ರೆ ಎಂತ ಅಂತ ನಿಮ್ಗೆ ಯಾರಾದ್ರೂ ಹೇಳಿದ್ರಾ ಗೊತ್ತಿಲ್ಲ. ಅದು 0ರಿಂದ 72ರವರೆಗೆ ಹೋಗುವ ಸ್ಕೋರ್. ತಲೆ, ಕೈ, ಎದೆ-ಬೆನ್ನು-ಹೊಟ್ಟೆ, ಕಾಲು ಅಂತ ನಾಲ್ಕು ಭಾಗ ಮಾಡಿ, ಪ್ರತಿ ಭಾಗದಲ್ಲಿ ಎಷ್ಟು ಕೆಂಪು, ಎಷ್ಟು ದಪ್ಪ, ಎಷ್ಟು ಹೊಟ್ಟು, ಎಷ್ಟು ಜಾಗ ಅಂತ ಹಾಕ್ತಾರೆ. 10 ದಾಟಿದ್ರೆ ಮುಲಾಮಿನಲ್ಲಿ ಮುಗಿಯುವ ಕೇಸಲ್ಲ ಅಂತ ಸಾಮಾನ್ಯವಾಗಿ ಹೇಳುದು, ಹಾಗಾಗಿ ಮಾತ್ರೆ ಕೊಡ್ತೇನೆ ಅಂದದ್ದು ಸರಿಯಾಗೇ ಉಂಟು.

ಮತ್ತೆ ಆ ಮಾತ್ರೆ. ಇದನ್ನು ಎರಡು ಸಲ ಓದಿ. ಸೋರಿಯಾಸಿಸ್‌ಗೆ ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ, ದಿನಾ ಅಲ್ಲ. ದಿನಾ ತಗೊಂಡು ಬಾಯಿ ತುಂಬ ಹುಣ್ಣಾಗಿ ರಕ್ತಕಣ ಇಳಿದು ಬಂದವರನ್ನು ನೋಡಿದ್ದೇನೆ, ಜೀವಕ್ಕೇ ಅಪಾಯ. ವಾರದ ಯಾವ ದಿನ ಅಂತ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಮನೆಯವರಿಗೂ ಹೇಳಿಡಿ. ಫೋಲಿಕ್ ಆಸಿಡ್ ಮಾತ್ರೆಯನ್ನು ಡಾಕ್ಟ್ರು ಹೇಳಿದ ದಿನ ತಪ್ಪಿಸ್ಬೇಡಿ. ಕುಡಿಯುವ ಅಭ್ಯಾಸ ಇದ್ರೆ ಡಾಕ್ಟ್ರ ಹತ್ರ ಮುಚ್ಚಿಡ್ಬೇಡಿ, ಮೆಥೋಟ್ರೆಕ್ಸೇಟ್ ಲಿವರಿಗೆ ಪೆಟ್ಟು ಕೊಡ್ಬಹುದಾದ ಮಾತ್ರೆ.


ಮಲ್ಪೆ ಬೋಟ್
ಮೇ 25

ಅಣ್ಣ, ನಾನು ಬಿಟ್ಟವ. ನೀವು ಕೇಳಿದ ಹಾಗೆ ನಿಜವಾಗಿ ಎಂತ ಆಯ್ತು ಅಂತಲೇ ಹೇಳ್ತೇನೆ.

ನಂದು ನಿಮ್ಮ ಹಾಗೆ ಹೊಟ್ಟು ಬೀಳುವ ಜಾತಿ ಅಲ್ಲ. ಅಂಗೈ ಮತ್ತೆ ಅಂಗಾಲು, ಹಳದಿ ಹಳದಿ ಕೀವಿನ ಸಣ್ಣ ಗುಳ್ಳೆ, ಒಣಗಿ ಕಂದು ಆಗುದು, ಚರ್ಮ ಸೀಳುದು, ಅದು ಗುಣ ಆಗುವಷ್ಟರಲ್ಲಿ ಪಕ್ಕದಲ್ಲಿ ಹೊಸದು. ಬೋಟಲ್ಲಿ ಕೆಲಸ ನಂದು, ಆಳಸಮುದ್ರಕ್ಕೆ ಹೋದ್ರೆ ಎಂಟು ಹತ್ತು ದಿನ ಬರುದಿಲ್ಲ. ಬಲೆ ಎಳಿಯುವ ಕೈಯೇ ಸೀಳಿದ್ರೆ, ಅದ್ರ ಮೇಲೆ ಉಪ್ಪುನೀರು ಮತ್ತೆ ಐಸ್, ಆ ನೋವು ನಾನು ಇಲ್ಲಿ ಬರೆದ್ರೆ ನಿಮ್ಗೆ ಗೊತ್ತಾಗುದಿಲ್ಲ. ಬೋಟಲ್ಲಿ ನಾವೆಲ್ಲ ಒಂದೇ ಪಾತ್ರೆಯಿಂದ ಊಟ ಬಡಿಸಿಕೊಳ್ಳುದು, ನನ್ನ ಕೈ ನೋಡಿದ ಮೇಲೆ ಗಂಜಿ ಸೌಟು ನನ್ನ ಕೈಗೆ ಕೊಡುದು ನಿಲ್ಸಿದ್ರು. ಯಾರೂ ಎಂತದೂ ಹೇಳ್ಲಿಲ್ಲ, ಸೌಟು ಮಾತ್ರ ಕೊಡ್ಲಿಲ್ಲ. ಇದು ಹರಡುವ ರೋಗ ಅಲ್ಲ ಅಂತ ನಂಗೇ ಆಗ ಗೊತ್ತಿರ್ಲಿಲ್ಲ, ಅವ್ರಿಗೆ ಎಂತ ಹೇಳುದು.

ಮೂರು ವರ್ಷ ಕಜ್ಜಿ ಅಂತ ಮುಲಾಮು ಹಚ್ಚಿದೆ, ಫಂಗಸ್ ಅಂತ ಮಾತ್ರೆ ತಿಂದೆ. ಕೊನೆಗೆ ಒಬ್ರು ಡಾಕ್ಟ್ರು ಕೈ ನೋಡಿದ ಕೂಡ್ಲೆ ಮೊದ್ಲು ಕೇಳಿದ್ದೇ ದಿನಕ್ಕೆ ಎಷ್ಟು ಸಿಗರೇಟ್ ಅಂತ. ನಂಗೆ ಆಶ್ಚರ್ಯ ಆಯ್ತು, ಕೈ ತೋರ್ಸಿದ್ರೆ ಸಿಗರೇಟ್ ಹೇಗೆ ಗೊತ್ತಾಯ್ತು ಅಂತ. ಅಂಗೈ ಅಂಗಾಲಿನ ಈ ಕೀವುಗುಳ್ಳೆ ಬಂದವರಲ್ಲಿ ಹೆಚ್ಚಿನವರು ಸೇದುವವರು ಇಲ್ಲಾಂದ್ರೆ ಸೇದಿ ಬಿಟ್ಟವರೇ ಅಂತ ಅವ್ರು ಹೇಳಿದ್ರು.

ಬಿಡ್ಬೇಕು ಅಂತ ಮನಸ್ಸು ಆಯ್ತು, ಆದ್ರೆ ಬೋಟಲ್ಲಿ ಬಿಡ್ಲಿಕ್ಕೆ ಆಗುದಿಲ್ಲ ಅಣ್ಣ. ರಾತ್ರಿ ಪಾಳಿ, ನಿದ್ರೆ ಬರ್ಬಾರದು, ಸುತ್ತ ಎಲ್ಲ ಎಳಿಯುವವರು. ಹಾಗೆ ನಾನು ಮೀನುಗಾರಿಕೆ ರಜೆಗೆ ಕಾದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟ್ ಎಲ್ಲ ದಡದಲ್ಲಿ, ನಾನು ಮನೆಯಲ್ಲಿ. 2022ರ ಜೂನ್ 1ಕ್ಕೆ ನಿಲ್ಸಿದೆ.

ಮೊದಲನೇ ವಾರ ನರಕ. ನೀವು ಒಂಬತ್ತು ದಿನಕ್ಕೆ ತುರಿಕೆ ಜಾಸ್ತಿ ಆಯ್ತು ಅಂದ್ರಲ್ಲ, ನಂಗೂ ಹಾಗೇ ಆಯ್ತು, ಕಾಲಲ್ಲಿ ಹೊಸ ಗುಳ್ಳೆಯೂ ಬಂತು. ಅಮ್ಮ ಹೇಳಿದ್ರು ಸುಮ್ಮನೆ ಬಿಟ್ಟು ಮೈಗೆ ಎಂತದೋ ಮಾಡ್ಕೊಂಡೆ ಅಂತ. ಎರಡನೇ ತಿಂಗಳಲ್ಲೂ ಕೈಯಲ್ಲಿ ದೊಡ್ಡ ವ್ಯತ್ಯಾಸ ಎಂತ ಇಲ್ಲ, ಸಿಟ್ಟು ಮಾತ್ರ ಕಮ್ಮಿ ಆಯ್ತು. ವ್ಯತ್ಯಾಸ ಗೊತ್ತಾದದ್ದು ನವರಾತ್ರಿ ಹೊತ್ತಿಗೆ, ಅದೂ ಹೇಗೆ ಗೊತ್ತಾಯ್ತು ಅಂದ್ರೆ ಹಚ್ಚುವ ಮುಲಾಮಿನ ಟ್ಯೂಬ್ ಹತ್ತು ದಿನಕ್ಕೆ ಖಾಲಿ ಆಗ್ತಿದ್ದದ್ದು ತಿಂಗಳು ಬಂತು. ಮುಲಾಮು ಅದೇ, ಕೈ ಅದೇ, ಈಗ ಮುಲಾಮು ಹಿಡೀತಾ ಉಂಟು.

ಸುಳ್ಳು ಹೇಳುದಿಲ್ಲ, 2023ರಲ್ಲಿ ತಮ್ಮನ ಮದುವೆಯಲ್ಲಿ ತಿರುಗಿ ಶುರು ಮಾಡಿ ಎರಡು ತಿಂಗಳು ಎಳೆದೆ, ಅಂಗಾಲು ತಿರುಗಿ ಒಡೀತು, ಆಮೇಲೆ ಬಿಟ್ಟವ ಇವತ್ತಿನವರೆಗೆ ಮುಟ್ಟಿಲ್ಲ. ಪೂರ್ತಿ ಹೋಗಿದೆಯಾ ಅಂದ್ರೆ ಇಲ್ಲ. ವರ್ಷಕ್ಕೆ ಒಂದೆರಡು ಸಲ ಬರ್ತದೆ. ಆದ್ರೆ ಬಲೆ ಎಳೀತೇನೆ.


ಹೆಸರು ಬೇಡ
ಮೇ 26

ನಾನು ಬರೀಬೇಕಾ ಬೇಡ್ವಾ ಅಂತ ಎರಡು ದಿನ ಯೋಚನೆ ಮಾಡಿದೆ.

ನಾನು ಹೆಂಗಸು, 33, ಮಂಗಳೂರಲ್ಲೇ ಆಫೀಸ್ ಕೆಲಸ. ಆರು ವರ್ಷದಿಂದ ಸೋರಿಯಾಸಿಸ್, ತಲೆ ಮತ್ತೆ ಉಗುರು ಜಾಸ್ತಿ, ಈಗ ಬೆನ್ನು. ಸಿಗರೇಟ್ ಕಾಲೇಜಿಂದ, ದಿನಕ್ಕೆ 10-12. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಇಷ್ಟು ವರ್ಷದಲ್ಲಿ ನಾಲ್ಕು ಡಾಕ್ಟ್ರನ್ನು ನೋಡಿದ್ದೇನೆ, ಒಬ್ರೂ ಸೇದ್ತೀರಾ ಅಂತ ಕೇಳ್ಲಿಲ್ಲ, ಒಂದು ಸಲ ಫಾರ್ಮ್ ತುಂಬಿಸುವ ಹುಡುಗಿ ಆ ಕಾಲಂ ಬಂದಾಗ ನನ್ನ ಮುಖ ನೋಡಿ ತಾನೇ ಇಲ್ಲ ಅಂತ ಬರ್ಕೊಂಡ್ಲು. ಪಕ್ಕದಲ್ಲಿ ಅಮ್ಮ ಕೂತಿದ್ರು. ನಾನು ಸುಮ್ಮನಿದ್ದೆ.

ಹೆಂಗಸರಲ್ಲಿ ಸಂಬಂಧ ಗಟ್ಟಿ ಅಂತ ಸಿಸ್ಟರ್ ಬರೆದದ್ದನ್ನು ಓದಿ ನಿನ್ನೆ ರಾತ್ರಿ ನಿದ್ರೆ ಬರ್ಲಿಲ್ಲ. ನಂಗೆ ಮದ್ದು ಹಿಡಿಯುದಿಲ್ಲ ಅಂತ ಡಾಕ್ಟ್ರು ಒಂದರ ಹಿಂದೆ ಒಂದು ಬದಲಾಯಿಸ್ತಾ ಬಂದಿದ್ದಾರೆ, ಮುಂದಿನ ಸಲ ಇಂಜೆಕ್ಷನ್ ಅಂದಿದ್ದಾರೆ, ಅದಕ್ಕೆ ಎಷ್ಟು ಖರ್ಚು ಅಂತ ಕೇಳಿ ಅಪ್ಪ ಎಫ್‌ಡಿ ಮುರೀತೇನೆ ಅಂದ್ರು. ಅವ್ರಿಗೆ ನಾನು ಎಂತ ಹೇಳ್ಲಿ. ಸಿಸ್ಟರ್, ಇಂಜೆಕ್ಷನ್ ತಗೊಂಡ್ರೆ ಸಿಗರೇಟ್ ಇದ್ರೂ ನಡೀತದಾ?


ನಿವೃತ್ತ ಸಿಸ್ಟರ್
ಮೇ 26

ಮಗಳೇ, ನೀನು ಬರೆದದ್ದು ಒಳ್ಳೆದಾಯ್ತು. ಮಗಳೇ ಅಂತ ಕರೆದದ್ದಕ್ಕೆ ಬೇಜಾರು ಮಾಡ್ಬೇಡ, ನನ್ನ ಮಗಳಿಗೂ ಇಷ್ಟೇ ವಯಸ್ಸು.

ನಿನ್ನ ಹತ್ರ ಕೇಳದೆ ಇದ್ದದ್ದು ನಮ್ಮ ತಪ್ಪು, ಆಸ್ಪತ್ರೆಯವರ ತಪ್ಪು. ನಾನೂ ಎಷ್ಟೋ ಹೆಂಗಸರ ಫಾರ್ಮಿನಲ್ಲಿ ಹಾಗೆ ಇಲ್ಲ ಅಂತ ಬರ್ಕೊಂಡದ್ದು ಇವತ್ತು ನೆನಪಾಗ್ತಾ ಉಂಟು. ಮುಂದಿನ ಸಲ ಒಬ್ಬಳೇ ಹೋಗು, ಅಥವಾ ಅಮ್ಮ ಬಂದ್ರೆ ಡಾಕ್ಟ್ರ ಹತ್ರ ಎರಡು ನಿಮಿಷ ಒಬ್ಬಳೇ ಮಾತಾಡ್ಬೇಕು ಅಂತ ಹೇಳು, ಅದನ್ನು ಕೇಳ್ಲಿಕ್ಕೆ ನಿನಗೆ ಹಕ್ಕುಂಟು, ನೀನು ಹೇಳಿದ್ದನ್ನು ಅವ್ರು ಮನೆಯವರಿಗೆ ಹೇಳುವ ಹಾಗಿಲ್ಲ.

ಇಂಜೆಕ್ಷನ್, ಅಂದ್ರೆ ಬಯೋಲಾಜಿಕ್, ಅದು ನಾನು ಮೇಲೆ ಹೇಳಿದ ಟಿಎನ್‌ಎಫ್, ಐಎಲ್-17 ಇವುಗಳನ್ನೇ ಹಿಡಿದು ನಿಲ್ಸುವ ಮದ್ದು. ಸೇದುವವರಲ್ಲಿ ಅದು ಸೇದದವರಷ್ಟು ಚಂದ ಹಿಡಿಯುದಿಲ್ಲ. ಒಂದು ಕಡೆ ನೀರು ಹೊಯ್ದು ಇನ್ನೊಂದು ಕಡೆ ಸೌದೆ ಇಟ್ಟ ಹಾಗೆ. ಹಾಗಂತ ಸಿಗರೇಟ್ ಬಿಟ್ಟ ಮೇಲೆಯೇ ಇಂಜೆಕ್ಷನ್ ಅಂತ ಕಾಯ್ಬೇಕಾಗಿಲ್ಲ, ಡಾಕ್ಟ್ರಿಗೆ ನಿಜ ಗೊತ್ತಿದ್ರೆ ಅವ್ರು ಮದ್ದು ಆರಿಸುವಾಗ ಲೆಕ್ಕಕ್ಕೆ ತಗೊಳ್ತಾರೆ. ಶುರು ಮಾಡುವ ಮೊದ್ಲು ಟಿಬಿ ಪರೀಕ್ಷೆ ಮಾಡ್ಸೇ ಮಾಡಿಸ್ತಾರೆ, ಹೆದರ್ಬೇಡ.

ಉಗುರಿನಲ್ಲಿ ಉಂಟು ಅಂದಿಯಲ್ಲ. ಬೆಳಿಗ್ಗೆ ಎದ್ದಾಗ ಬೆರಳಿನ ಗಂಟು ಬಿಗಿ ಆಗಿ ಅರ್ಧ ಗಂಟೆಗಿಂತ ಜಾಸ್ತಿ ಹಾಗೇ ಇದ್ರೆ, ಒಂದು ಬೆರಳು ಇಡೀ ಊದಿದ್ರೆ, ಹಿಮ್ಮಡಿ ನೋವು ಇದ್ರೆ ಅದನ್ನೂ ಹೇಳು. ಸೋರಿಯಾಸಿಸ್ ಗಂಟಿಗೂ ಇಳೀತದೆ, ಉಗುರಿನಲ್ಲಿ ಇದ್ದವರಿಗೆ ಅದರ ಸಾಧ್ಯತೆ ಜಾಸ್ತಿ. ತಡ ಮಾಡಿದ್ರೆ ಗಂಟು ಸೊಟ್ಟ ಆದದ್ದು ತಿರುಗಿ ನೇರ ಆಗುದಿಲ್ಲ.


ಬಂಟ್ವಾಳ ಮನೆ
ಮೇ 27

ನಮ್ಮಲ್ಲಿ ಅಮ್ಮ ಬೀಡಿ ಕಟ್ಟಿಯೇ ನಮ್ಮನ್ನು ಓದಿಸಿದ್ದು, ಮಾವನಿಗೆ ಸೋರಿಯಾಸಿಸ್, ದಿನಕ್ಕೆ ಎರಡು ಕಟ್ಟ ಬೀಡಿ. ಸಿಗರೇಟ್ ಅಲ್ಲ ಬೀಡಿ ತಾನೆ, ಎಲೆಯದ್ದು, ಎಂತ ಆಗುದಿಲ್ಲ ಅಂತಾರೆ. ಸಿಸ್ಟರ್, ಬೀಡಿ ಆದ್ರೆ ಕಮ್ಮಿಯಾ?


ನಿವೃತ್ತ ಸಿಸ್ಟರ್
ಮೇ 27

ಕಮ್ಮಿ ಅಲ್ಲ ಮಾರಾಯ್ರೆ. ಬೀಡಿ ಸಪೂರ ಕಾಣ್ತದೆ, ಹೊಗೆಸೊಪ್ಪೂ ಸ್ವಲ್ಪವೇ, ಆದ್ರೆ ಬೇಗ ನಂದುದ್ರಿಂದ ನಂದದ ಹಾಗೆ ಮತ್ತೆ ಮತ್ತೆ ಜೋರಾಗಿ ಎಳೀಬೇಕು, ಹಾಗೆ ನಿಕೋಟಿನ್, ಟಾರ್, ಕಾರ್ಬನ್ ಮೊನಾಕ್ಸೈಡ್ ಸಿಗರೇಟಿಗಿಂತ ಜಾಸ್ತಿಯೇ ಒಳಗೆ ಹೋಗ್ತದೆ. ಮಾವನವರನ್ನು ಒಮ್ಮೆ ಬಿಪಿ, ಶುಗರ್, ಕೊಲೆಸ್ಟ್ರಾಲ್ ಎಲ್ಲ ನೋಡಿಸಿ. ಜೋರು ಸೋರಿಯಾಸಿಸ್ ಇದ್ದವರಿಗೆ ಹಾರ್ಟ್ ಅಟ್ಯಾಕಿನ ಅಪಾಯ ಆ ರೋಗದಿಂದಲೇ ಜಾಸ್ತಿ, ಅದ್ರ ಮೇಲೆ ಬೀಡಿ ಬೇರೆ. ಚರ್ಮದ ಕಲೆಗಿಂತ ನಂಗೆ ಹೆದರಿಕೆ ಆಗುದು ಅದು.

ಮತ್ತೆ ಅವ್ರ ಬಿಪಿ ಮಾತ್ರೆಯನ್ನು ಸ್ಕಿನ್ ಡಾಕ್ಟ್ರಿಗೆ ತೋರ್ಸಿ, ಬೀಟಾ ಬ್ಲಾಕರ್ ಅನ್ನುವ ಜಾತಿಯ ಮಾತ್ರೆ ಕೆಲವರಿಗೆ ಸೋರಿಯಾಸಿಸ್ ಜೋರು ಮಾಡ್ತದೆ. ನೀವೇ ನಿಲ್ಸಿಬಿಡ್ಬೇಡಿ, ತೋರ್ಸಿ ಅಷ್ಟೆ.


ಪಣಂಬೂರು ಶಿಫ್ಟ್
ಮೇ 28

ಎಲ್ಲ ಓದಿದೆ, ಕೆಲವನ್ನು ಮೂರು ಮೂರು ಸಲ ಓದಿದೆ. ಮನೆಯವಳಿಗೂ ಓದಿ ಹೇಳಿದೆ. ಮಲ್ಪೆ ಅಣ್ಣ, ಸೌಟಿನ ವಿಷಯ ಓದುವಾಗ ನಂಗೆ ಬಾಳೆಲೆ ನೆನಪಾಗಿ ಮುಂದೆ ಓದ್ಲಿಕ್ಕೆ ಆಗ್ಲಿಲ್ಲ ಸ್ವಲ್ಪ ಹೊತ್ತು.

ಒಂದು ವಿಷಯ ಒಪ್ಪಿಕೊಳ್ಬೇಕು. ಡಾಕ್ಟ್ರು ನಿನ್ನಿಂದಲೇ ಬಂದದ್ದು ಅಂದ್ರು ಅಂತ ನಾನು ಮನಸ್ಸಲ್ಲಿ ಸಿಟ್ಟು ಇಟ್ಕೊಂಡಿದ್ದೆ. ಅವ್ರು ಹಾಗೆ ಅಂದಿರ್ಲೇ ಇಲ್ಲ, ಪಾಲೂ ಉಂಟು ಅಂದದ್ದು. ಅಪ್ಪನ ಹೆಸರು ಹೇಳಿ ನಾನು ತಪ್ಪಿಸ್ಕೊಳ್ತಾ ಇದ್ದೆ.

ಸಿಸ್ಟರ್, ಒಂದು ಕೇಳ್ತೇನೆ. 20ರಿಂದ 10ಕ್ಕೆ ಇಳಿಸಿದ್ರೆ ಸಾಕಾ, ಆ ರೋಮ್‌ನವರ ಲೆಕ್ಕದಲ್ಲಿ? ಒಮ್ಮೆಲೆ ಬಿಟ್ರೆ ಆ ಒಂಬತ್ತು ದಿನದ ಹಾಗೆ ಆಗ್ತದೆ ಅಂತ ಹೆದರಿಕೆ.


ನಿವೃತ್ತ ಸಿಸ್ಟರ್
ಮೇ 28

10 ಅಂತ ಅವ್ರು ಲೆಕ್ಕಕ್ಕೆ ಗೆರೆ ಹಾಕಿದ್ದು, 10 ಆದ್ರೆ ಒಳ್ಳೆದು ಅಂತ ಅಲ್ಲ. ಇಳಿಸುದು ಮೆಟ್ಟಿಲು ಅಂತ ತಿಳ್ಕೊಳ್ಳಿ, ಅಲ್ಲೇ ಕೂತ್ಕೊಳ್ಬೇಡಿ. ಇಳಿಸಿ ಕೂತವರು ಒಂದೊಂದನ್ನೂ ಬುಡದವರೆಗೆ ಎಳೀತಾರೆ, ಮೈಗೆ ಹೋಗುದು ಅಂದ್ಕೊಂಡಷ್ಟು ಕಮ್ಮಿ ಆಗುದಿಲ್ಲ.

ಒಂಬತ್ತು ದಿನದ ಬಗ್ಗೆ. ನಿಕೋಟಿನ್ ಬಿಟ್ಟಾಗಿನ ಕಷ್ಟ ಎರಡನೇ ಮೂರನೇ ದಿನ ಶಿಖರಕ್ಕೆ ಹೋಗ್ತದೆ, ಮತ್ತೆ ಎರಡರಿಂದ ನಾಲ್ಕು ವಾರದಲ್ಲಿ ಇಳೀತದೆ. ನಿದ್ರೆ ಕೆಟ್ರೆ, ಮನಸ್ಸು ಬಿಗಿ ಆದ್ರೆ ಸೋರಿಯಾಸಿಸ್ ಕೆರಳ್ತದೆ, ನಿಮ್ಗೆ ಆದದ್ದು ಅದು. ಸಿಗರೇಟ್ ನಿಮ್ಮ ಚರ್ಮವನ್ನು ಕಾಯ್ತಾ ಇತ್ತು, ಬಿಟ್ಟದ್ದಕ್ಕೆ ಜೋರಾಯ್ತು ಅಂತ ಅರ್ಥ ಮಾಡ್ಕೊಳ್ಬೇಡಿ. ನೀವು ಎಲ್ಲಕ್ಕಿಂತ ಕಷ್ಟದ ದಿನಗಳನ್ನು ದಾಟಿ, ಸುಲಭ ಆಗ್ತಾ ಬರುವ ಸಮಯಕ್ಕೆ ತಿರುಗಿ ಹೋದದ್ದು, ಅದೇ ನಂಗೆ ಬೇಸರ.

ಈ ಸಲ ಒಬ್ರೇ ಮಾಡ್ಬೇಡಿ. ಸಿಗರೇಟ್ ಪ್ಯಾಕಿನ ಮೇಲೆಯೇ 1800-11-2356 ಅಂತ ನಂಬರ್ ಉಂಟು, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡ್ತಾರೆ, ಒಂದು ದಿನ ನಿಗದಿ ಮಾಡ್ಸಿ ಆಮೇಲೆ ಅವ್ರೇ ಫೋನ್ ಮಾಡಿ ವಿಚಾರಿಸ್ತಾರೆ. ನಿಕೋಟಿನ್ ಗಮ್ ಬಗ್ಗೆ ಡಾಕ್ಟ್ರ ಹತ್ರ ಕೇಳಿ. ಅದನ್ನು ಚೂಯಿಂಗ್ ಗಮ್ ಹಾಗೆ ಒಂದೇ ಸಮ ಜಗಿದು ನುಂಗಿ ಬಿಕ್ಕಳಿಕೆ ಬರ್ಸಿಕೊಂಡು ಇದು ಆಗುದಿಲ್ಲ ಅಂತ ಬಿಸಾಡುವವರೇ ಜಾಸ್ತಿ, ಕ್ರಮ ಹಾಗಲ್ಲ, ನಾಲಿಗೆಗೆ ಚುರುಚುರು ಅನ್ನುವಷ್ಟು ಜಗಿದು ಕೆನ್ನೆಯ ಒಳಗೆ ಇಟ್ಕೊಳ್ಬೇಕು, ಚುರುಚುರು ಹೋದ ಮೇಲೆ ತಿರುಗಿ ಜಗೀಬೇಕು, ಚಾ ಕುಡಿದ ಕೂಡ್ಲೆ ಬಾಯಿಗೆ ಹಾಕ್ಬಾರದು. ಇ-ಸಿಗರೇಟ್ ಒಳ್ಳೆದು ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ಅದನ್ನು ಮಾರುದು 2019ರಿಂದ ನಮ್ಮ ದೇಶದಲ್ಲಿ ನಿಷೇಧ.

ಆ ಎರಡು ಮೂರು ವಾರ ಚರ್ಮಕ್ಕೆ ಎಣ್ಣೆ ತಪ್ಪಿಸ್ಬೇಡಿ. ಸ್ನಾನ ಆಗಿ ಮೈ ಸ್ವಲ್ಪ ಒದ್ದೆ ಇರುವಾಗಲೇ ತೆಂಗಿನೆಣ್ಣೆ ಅಥವಾ ಡಾಕ್ಟ್ರು ಕೊಟ್ಟ ಕ್ರೀಮ್. ಸುಡುವ ಬಿಸಿನೀರು ಬೇಡ, ಮಳೆಗಾಲ ಶುರುವಾದ ಕೂಡ್ಲೆ ನಮ್ಮವರು ಹಂಡೆಯ ನೀರನ್ನು ಸುಡು ಸುಡು ಹೊಯ್ಕೊಳ್ಳುದು ಜಾಸ್ತಿ. ಮತ್ತೆ ಉಜ್ಜಿ ಹೊಟ್ಟು ತೆಗೀಬೇಡಿ, ಗಾಯ ಆದಲ್ಲೇ ಹೊಸ ಕಲೆ ಏಳ್ತದೆ.


ಮಲ್ಪೆ ಬೋಟ್
ಮೇ 28

ಅಣ್ಣ ನೀವೂ ಜೂನ್ 1ಕ್ಕೆ ಬಿಡಿ. ನಾವು ಆಗ ದಡದಲ್ಲೇ ಇರ್ತೇವೆ, ಯಾವಾಗ ಬೇಕಾದ್ರೂ ಇಲ್ಲಿ ಬರೀರಿ, ರಾತ್ರಿ ಎರಡು ಗಂಟೆಗೂ ನೋಡ್ತೇನೆ.


ಹೆಸರು ಬೇಡ
ಜೂನ್ 19

ಡಾಕ್ಟ್ರಿಗೆ ಹೇಳಿದೆ. ಒಬ್ಬಳೇ ಹೋಗಿದ್ದೆ. ಅವ್ರು ಬೈಯಲಿಲ್ಲ, ಫೈಲ್ ತೆಗೆದು ಹಳೆಯದನ್ನು ಹೊಡೆದು ಹಾಕಿ ಬರ್ಕೊಂಡ್ರು. ಇಂಜೆಕ್ಷನ್ ಮೂರು ತಿಂಗಳು ಮುಂದೆ ಹಾಕಿದ್ದಾರೆ, ಅಲ್ಲಿವರೆಗೆ ವಾರಕ್ಕೆ ಮೂರು ದಿನ ಲೈಟ್ ಥೆರಪಿ, ಅಂದ್ರೆ ಚರ್ಮಕ್ಕೆ ಬೆಳಕು ಹಾಯಿಸುದು. ಸಿಗರೇಟ್ ಈಗ ದಿನಕ್ಕೆ 3. ಇನ್ನೂ ಪೂರ್ತಿ ಆಗ್ಲಿಲ್ಲ.


ಪಣಂಬೂರು ಶಿಫ್ಟ್
ಜುಲೈ 27

ಇವತ್ತಿಗೆ 57 ದಿನ. ಮಧ್ಯದಲ್ಲಿ ಒಂದು ದಿನ ತಪ್ಪಿತು, ಜೂನ್ 14, ನೈಟ್ ಶಿಫ್ಟ್, ಎರಡು ಎಳೆದೆ. ಆ ರಾತ್ರಿ ಇಲ್ಲಿ ಬರೆದಾಗ ಮಲ್ಪೆ ಅಣ್ಣ ಉತ್ತರ ಕೊಟ್ಟದ್ದನ್ನು ಆಮೇಲೆ ನಾಚಿಕೆಯಾಗಿ ಅಳಿಸಿದ್ದೆ, ತಪ್ಪಾಯ್ತು, ಅಳಿಸ್ಬಾರದಿತ್ತು.

ಮೊದಲ ಎರಡು ವಾರ ಸಿಸ್ಟರ್ ಹೇಳಿದ ಹಾಗೇ ತುರಿಕೆ ಜೋರಿತ್ತು, ಎಣ್ಣೆ ಹಚ್ಚಿ ಹಚ್ಚಿ ತಡ್ಕೊಂಡೆ. ಮೆಥೋಟ್ರೆಕ್ಸೇಟ್ ಪ್ರತಿ ಭಾನುವಾರ, ಕ್ಯಾಲೆಂಡರಿನಲ್ಲಿ ಮಗಳು ಕೆಂಪು ಪೆನ್ನಲ್ಲಿ ಗುರುತು ಹಾಕ್ತಾಳೆ. ನಿನ್ನೆ ಡಾಕ್ಟ್ರು ನೋಡಿ ಪಾಸಿ 9 ಅಂದ್ರು, ಲಿವರ್ ಟೆಸ್ಟ್ ಸರಿ ಉಂಟು. ಇದ್ರಲ್ಲಿ ಮಾತ್ರೆಯದ್ದೆಷ್ಟು, ಸಿಗರೇಟ್ ಬಿಟ್ಟದ್ದೆಷ್ಟು ಅಂತ ಕೇಳಿದೆ, ಬೇರೆ ಮಾಡಿ ಹೇಳ್ಲಿಕ್ಕಾಗುದಿಲ್ಲ, ಎರಡನ್ನೂ ಮುಂದುವರಿಸಿ ಅಂದ್ರು. ಕಾಲಿನದ್ದು ದಪ್ಪ ಇಳಿದಿದೆ, ಸೊಂಟದ್ದು ಹಾಗೇ ಉಂಟು. ಮುಂದಿನ ರಕ್ತ ಪರೀಕ್ಷೆ ಆಗಸ್ಟ್ ಕೊನೆಗೆ.

ಬೆಳಗಿನ ಚಾ ಈಗಲೂ ಕಷ್ಟ. ಚಾ ಲೋಟ ಕೈಗೆ ಬಂದ ಕೂಡ್ಲೆ ಎಡಗೈ ಕಿಸೆಗೆ ಹೋಗ್ತದೆ. ಇದು ಎಷ್ಟು ದಿನ ಹೀಗೆ ಮಲ್ಪೆ ಅಣ್ಣ?


ಮಲ್ಪೆ ಬೋಟ್
ಜುಲೈ 28

ನಂಗೆ ಆರು ತಿಂಗಳು ಹೋಯ್ತು ಕೈ ಕಿಸೆಗೆ ಹೋಗುದು. ನಾನು ಕಿಸೆಯಲ್ಲಿ ಹುರಿದ ಕಡ್ಲೆ ಇಡ್ತಿದ್ದೆ, ಕೈಗೆ ಎಂತಾದ್ರೂ ಸಿಗ್ಬೇಕು ಅಂತ.

ಜೂನ್ 14ರದ್ದು ತಲೆಗೆ ಹಾಕ್ಬೇಡಿ ಅಣ್ಣ. ಆಗಸ್ಟ್ 1ಕ್ಕೆ ನಾವು ಹೊರಡುದು, ಹತ್ತು ದಿನ ನೆಟ್‌ವರ್ಕ್ ಇರುದಿಲ್ಲ. ಬರೆದಿಡಿ, ದಡಕ್ಕೆ ಬಂದ ಕೂಡ್ಲೆ ಓದ್ತೇನೆ.